ಬಳ್ಳಾರಿಯಿಂದ ಬ್ರಿಟನ್‌ಗೆ: ಪ್ಲ್ಯಾಬ್ ಓದುವ ಮೊದಲು ನಿಮ್ಮ ಹೆಸರು ಓದಿ

ಇಂಟರ್ನ್‌ಶಿಪ್ ಮುಗಿಸಿದ ಜೂನಿಯರ್‌ಗಳು ಸಿಕ್ಕಾಗೆಲ್ಲ ಕೇಳುತ್ತಾರೆ, "ಅಣ್ಣ, ಪ್ಲ್ಯಾಬ್‌ಗೆ ಯಾವ ಪುಸ್ತಕ ಓದ್ಬೇಕು?" ಪ್ಲ್ಯಾಬ್ ಅಂದರೆ ನಮ್ಮಂಥ ಹೊರದೇಶದ ಡಾಕ್ಟರ್‌ಗಳು ಬ್ರಿಟನ್‌ನಲ್ಲಿ ಕೆಲಸ ಮಾಡೋಕೆ ಬರೆಯುವ, ಎರಡು ಹಂತದ ಪರೀಕ್ಷೆ. ಪುಸ್ತಕ ಆಮೇಲೆ. ಮೊದಲು ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ಎಂಬಿಬಿಎಸ್ ಡಿಗ್ರಿ, ಪಾಸ್‌ಪೋರ್ಟ್ ಮೂರನ್ನೂ ಮಂಚದ ಮೇಲೆ ಹರಡಿ ಹೆಸರು ನೋಡಿ.

ನಮ್ಮ ಕಡೆ ಹೆಸರಿನ ಮುಂದೆ ಊರಿನ ಇನಿಷಿಯಲ್ಲೋ ಅಪ್ಪನ ಇನಿಷಿಯಲ್ಲೋ ಇರುತ್ತೆ ಅಲ್ವಾ? ನನ್ನ ಡಿಗ್ರಿಯಲ್ಲಿ ಇದ್ದದ್ದು ಬರೀ 'ಎಸ್.' ಪಾಸ್‌ಪೋರ್ಟ್ ಅರ್ಜಿ ತುಂಬಿದ ಏಜೆಂಟ್ ಅದನ್ನು ಬಿಡಿಸಿ 'ಸಿರುಗುಪ್ಪ' ಅಂತ ಸರ್‌ನೇಮ್ ಜಾಗದಲ್ಲಿ ಕೂರಿಸಿಬಿಟ್ಟ, ನಾನೂ ನೋಡದೆ ಸಹಿ ಹಾಕಿದೆ. ಈಗ ಅಲ್ಲಿಂದ ಬರುವ ಮೇಲ್ ಎಲ್ಲ 'ಡಿಯರ್ ಡಾಕ್ಟರ್ ಸಿರುಗುಪ್ಪ'. ನಗು ಬರುತ್ತೆ, ಆದರೆ ಇಬ್ಬರೂ ಒಬ್ಬನೇ ಅಂತ ತೋರಿಸೋಕೆ ನೋಟರಿ, ಅಫಿಡವಿಟ್ಟು, ಮೇಲ್ ಮೇಲೆ ಮೇಲ್ ಅಂತ ಎರಡು ತಿಂಗಳು ಹೋಯಿತು.

ಅಲ್ಲಿ ಲೈಸೆನ್ಸ್ ಕೊಡೋದು ಜನರಲ್ ಮೆಡಿಕಲ್ ಕೌನ್ಸಿಲ್, ಅಂದರೆ ಜಿಎಂಸಿ. ನಿಮ್ಮ ಡಿಗ್ರಿ ಅಸಲಿಯೋ ಅಂತ ಅದು ಅಮೆರಿಕದ ಇಸಿಎಫ್‌ಎಂಜಿ ಅನ್ನೋ ಸಂಸ್ಥೆಯ 'ಎಪಿಕ್' ಎಂಬ ಆನ್‌ಲೈನ್ ಸೇವೆ ಮೂಲಕ ನೋಡಿಸುತ್ತೆ. ನೀವು ಸ್ಕ್ಯಾನ್ ಹಾಕಿದ ಮೇಲೆ ಅವರು ನೇರ ಕಾಲೇಜನ್ನೇ ಕೇಳುತ್ತಾರೆ. ಆ ಉತ್ತರ ಯಾವಾಗ ಹೋಗುತ್ತೋ ನಿಮ್ಮ ಕೈಯಲ್ಲಿಲ್ಲ, ಅದಕ್ಕೇ ಓದು ಶುರು ಮಾಡುವ ದಿನವೇ ಇದನ್ನೂ ಶುರು ಮಾಡಿ. ಕಾಲೇಜಿನಲ್ಲಿ ಈ ಕೆಲಸ ಯಾರ ಟೇಬಲ್‌ಗೆ ಬರುತ್ತೆ ಅಂತ ಹೋಗಿ ಕೇಳಿ, ಫೋನಿಗೆ ಕಾಯಬೇಡಿ.

ಇಂಗ್ಲಿಷ್ ಪರೀಕ್ಷೆ ಇಲ್ಲದೆ ಪ್ಲ್ಯಾಬ್ 1 ಬುಕ್ ಆಗಲ್ಲ. ಅಕಾಡೆಮಿಕ್ ಐಇಎಲ್‌ಟಿಎಸ್ ಆದರೆ ಒಟ್ಟು 7.5, ಒಂದೊಂದು ಭಾಗದಲ್ಲೂ ಕನಿಷ್ಠ 7. ಇಲ್ಲವಾದರೆ ಡಾಕ್ಟರ್, ನರ್ಸ್‌ಗಳಿಗೆಂದೇ ಇರುವ ಇಂಗ್ಲಿಷ್ ಪರೀಕ್ಷೆ ಒಇಟಿ, ಅದರ ನಾಲ್ಕು ಭಾಗದಲ್ಲೂ ಬಿ ಗ್ರೇಡ್. ಎಲ್ಲ ಒಂದೇ ಸಲಕ್ಕೆ ಬರಬೇಕು. ನನ್ನ ಮಾತು ಕೇಳೋದಾದರೆ ಒಇಟಿ. ಅದರ ಪತ್ರ ಬರೆಯುವ ಭಾಗ ನಾವು ದಿನಾ ಬರೆಯುವ ರೆಫರಲ್ ಚೀಟಿಯ ಅಣ್ಣನ ಥರ. ಪರೀಕ್ಷೆಗೆ ಬೆಂಗಳೂರು ಸಿಕ್ಕರೆ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ, ಆದರೆ ಅದೇ ಬೆಳಿಗ್ಗೆ ಪರೀಕ್ಷೆ ಇಟ್ಟುಕೊಳ್ಳಬೇಡಿ.

ಪ್ಲ್ಯಾಬ್ 1 ಅಂದರೆ 3 ಗಂಟೆ, 180 ಪ್ರಶ್ನೆ. ನೀಟ್ ಪಿಜಿಗೆ ಓದಿದವರಿಗೆ ಹೊಸದೇನಿಲ್ಲ.

ಪ್ಲ್ಯಾಬ್ 2 ಬೇರೆ ಕಥೆ. ಮ್ಯಾಂಚೆಸ್ಟರ್‌ಗೇ ಹೋಗಬೇಕು, ಫೀಸೇ ಸಾವಿರ ಪೌಂಡ್ ಆಸುಪಾಸು, ವೀಸಾ, ಟಿಕೆಟ್ಟು ಬೇರೆ. ರೋಗಿಯ ಪಾತ್ರ ಮಾಡುವವರು ಎದುರಿಗೆ ಕೂತಿರುತ್ತಾರೆ, ಇಂಥ ಒಂದೊಂದು ಸನ್ನಿವೇಶಕ್ಕೆ, ಅಂದರೆ ಸ್ಟೇಷನ್‌ಗೆ, 8 ನಿಮಿಷ. ನಮ್ಮ ಒಪಿಡಿಯಲ್ಲಿ "ಏನಮ್ಮ, ಎಷ್ಟು ದಿನದಿಂದ ಜ್ವರ?" ಅಂತ ಕೇಳುತ್ತಲೇ ಕೈ ಚೀಟಿ ಬರೆಯುತ್ತಿರುತ್ತೆ, ಯಾಕಂದರೆ ಹೊರಗೆ ನೂರು ಜನ ನಿಂತಿರುತ್ತಾರೆ. ಅಲ್ಲಿ ಅದೇ ಅಭ್ಯಾಸ ಕೈ ಕೊಡುತ್ತೆ. ಹೆಸರು ಹೇಳಬೇಕು, ಮುಟ್ಟುವ ಮುಂಚೆ ಕೇಳಬೇಕು, "ನಿಮಗೆ ಇದರ ಬಗ್ಗೆ ಏನು ಭಯ ಇದೆ?" ಅಂತ ಕೇಳಿ ಸುಮ್ನೆ ಇದ್ದು ಕೇಳಿಸಿಕೊಳ್ಳಬೇಕು. ನಾನು ಅವ್ವನನ್ನೇ ಕೂರಿಸಿ ಫೋನಿನಲ್ಲಿ 8 ನಿಮಿಷ ಟೈಮರ್ ಇಟ್ಟು ಅಭ್ಯಾಸ ಮಾಡಿದೆ. ಐದನೇ ನಿಮಿಷಕ್ಕೆ ಅವಳು "ಗುಳಿಗಿ ಕೊಡ್ತಿಯೋ ಇಲ್ಲೋ?" ಅಂದಳು.

ಗುಡ್ ಸ್ಟ್ಯಾಂಡಿಂಗ್ ಸರ್ಟಿಫಿಕೇಟ್, ಅಂದರೆ ಡಾಕ್ಟರ್ ಆಗಿ ನಿಮ್ಮ ಮೇಲೆ ಕ್ರಮ ಏನೂ ಇಲ್ಲ ಅಂತ ಇಲ್ಲಿನ ಮೆಡಿಕಲ್ ಕೌನ್ಸಿಲ್ ಕೊಡುವ ಪತ್ರ, ಅದನ್ನು ಮಾತ್ರ ಅವಸರದಲ್ಲಿ ತರಿಸಬೇಡಿ. ಅದು ಮೂರೇ ತಿಂಗಳು ನಡೆಯುತ್ತೆ, ಪ್ಲ್ಯಾಬ್ 2 ಪಾಸಾದ ಮೇಲೆ ಸಾಕು.

ಜಿಎಂಸಿ ನಂಬರ್ ಬಂತು ಅಂದರೆ ಕೆಲಸ ಸಿಕ್ಕಿತು ಅಂತ ಅಲ್ಲ. ನಂಬರ್ ಇಟ್ಟುಕೊಂಡು ತಿಂಗಳುಗಟ್ಟಲೆ ಅರ್ಜಿ ಹಾಕುತ್ತಾ ಕೂತವರು ಈಗ ಜಾಸ್ತಿ. ಹಾಗಾಗಿ ಇಲ್ಲಿನ ಕರ್ನಾಟಕ ಮೆಡಿಕಲ್ ಕೌನ್ಸಿಲ್ ನೋಂದಣಿ ರಿನ್ಯೂ ಮಾಡಿಸುತ್ತಾ ಇರಿ, ಆ ಸಿರುಗುಪ್ಪ ಡಾಕ್ಟರೂ ಮಾಡಿಸಿದ್ದಾನೆ.