ಕೈ ಮರದಾಗ ಇರಲಿ, ಕಣ್ಣು ಕೂಸಿನ ಮ್ಯಾಲೆ

ಈಗಿನ ತಾಯಂದಿರಿಗೆ ಎಲ್ಲಾ ಬರ್ತದ, ಸುಮ್ಮನ ಕುಂತು ನೋಡೋದೊಂದು ಬರೂದಿಲ್ಲ. ನಮ್ಮ ವಿಜಯಪುರದ ಓಣ್ಯಾಗ ದಿನಾ ನೋಡ್ತೀನಿ. ಮನಿಯೊಳಗ ಮಾಂಟೆಸೊರಿ, ಅಂದ್ರ ಕೂಸು ತನ್ನ ಕೈಲೆ ಮಾಡಿ ತಾನಾಗೇ ಕಲಿಯೋ ಪದ್ಧತಿ, ಮಾಡ್ತೀವಿ ಅಂತ ಆನ್‌ಲೈನಿನಾಗ ಕಟ್ಟಿಗಿ ಸಾಮಾನು ತರಸ್ತಾರ, ಗಿಡ್ಡ ಕಪಾಟು ಮಾಡಸ್ತಾರ, ಬುಟ್ಟಿ ಬುಟ್ಟಿ ಜೋಡಿಸಿ ಇಡ್ತಾರ. ಕೂಸು ಬಂದು ಒಂದು ಗುಂಡು ತೂತಿನೊಳಗ ಇಡೂದೇ ತಡ, 'ವೆರಿ ಗುಡ್' ಅಂತ ಚಪ್ಪಾಳಿ. ಕೂಸು ಬೆಚ್ಚಿಬಿದ್ದು ಅವ್ವನ ಮಾರಿ ನೋಡ್ತದ. ಅವ್ವನ ಮಾರಿ ಮೊಬೈಲಿನ ಹಿಂದ ಇರ್ತದ. ಕೆಲಸ ಅಲ್ಲಿಗೇ ಕೆಡ್ತು. ಆಮ್ಯಾಲೆ 'ನಮ್ಮ ಪಾಪು ಒಂದು ಕಡೆ ಐದು ಮಿನಿಟು ಕೂಡೂದಿಲ್ಲರಿ ಕಾಕು' ಅಂತ ನನ್ನ ಕಟ್ಟಿಗೆ ಬಂದು ಕೂಡ್ತಾರ. ಕೂಡಲಿಕ್ಕೆ ನೀವು ಬಿಟ್ಟರಲ್ಲೇನವ್ವಾ!

ಈ ಪದ್ಧತಿ ಸುರುಮಾಡಿದ ಇಟಲಿಯ ಮರಿಯಾ ಮಾಂಟೆಸೊರಿಯವರು ಮೊದಲು ಡಾಕ್ಟರು, ಆಮ್ಯಾಲೆ ಶಿಕ್ಷಕಿ. ರೋಗಿಯನ್ನ ನೋಡೋ ಕಣ್ಣಿನಿಂದನ ಮಕ್ಕಳನ್ನ ನೋಡಿದವರು. 1907ರ ಜನವರಿಯಾಗ ರೋಮಿನ ಸ್ಯಾನ್ ಲೊರೆಂಜೊ ಅನ್ನೋ ಬಡವರ ಕೇರಿಯಾಗ 'ಮಕ್ಕಳ ಮನಿ' ಅನ್ನೋ ಅವರ ಮೊದಲನೇ ಸಾಲಿ ಸುರುವಾತು. ಅಲ್ಲಿ ಮೂರು ವರ್ಷದ ಒಂದು ಹುಡುಗಿ ಕಟ್ಟಿಗಿಯ ಸಿಲಿಂಡರಿನಂಥಾ ಗುಂಡುಗಳನ್ನ ಅವುಗಳ ತೂತಿನಾಗ ಕೂಡಿಸೂದು, ತಗಿಯೂದು, ಮತ್ತ ಕೂಡಿಸೂದು ಮಾಡ್ತಿತ್ತು. ಮಾಂಟೆಸೊರಿಯವರು ಬಾಕಿ ಹುಡುಗರಿಗೆ ಅದರ ಸುತ್ತ ಹಾಡು ಹೇಳಲಿಕ್ಕೆ ಹಚ್ಚಿದರು, ಕೂಸನ್ನ ಕುರ್ಚಿ ಸಮೇತ ಎತ್ತಿ ಟೇಬಲ್ ಮ್ಯಾಲೆ ಇಟ್ಟರು. ಅದು ತಲಿ ಎತ್ತಲಿಲ್ಲ. ನಲವತ್ತಕ್ಕೂ ಹೆಚ್ಚು ಸಲ ಅದನ್ನೇ ಮಾಡಿ, ತಾನಾಗೇ ಬಿಟ್ಟು, ನಿದ್ದಿಯಿಂದ ಎದ್ದವರಂಗ ಖುಷಿಯಿಂದ ಸುತ್ತಲೂ ನೋಡ್ತಂತ. ಈ ಕಥಿ ಎಲ್ಲಾರೂ ಹೇಳ್ತಾರ. ಆದ್ರ ನಲವತ್ತು ಸಲ ಅಂತ ಗೊತ್ತಾಗಬೇಕಾದರ ಒಬ್ಬರು ಅಲ್ಲಿ ಬಾಯಿ ಮುಚ್ಚಿಕೊಂಡು ಎಣಿಸಿರಬೇಕಲ್ಲ, ಅದನ್ನ ಯಾರೂ ಲಕ್ಷ್ಯಕ್ಕ ತಗೋಳೂದಿಲ್ಲ. ಕಟ್ಟಿಗಿ ಗುಂಡು ಪೇಟ್ಯಾಗ ಸಿಗ್ತಾವ. ಎಣಿಸೋರು ಮನ್ಯಾಗ ಬೇಕು.

ನಾನು ಬಾಲವಾಡಿಯಾಗ ಕೆಲಸಕ್ಕ ಸೇರಿದಾಗ ನಮಗ ಒಬ್ಬರು ಹಿರೇ ಅಕ್ಕೋರು ಇದ್ದರು. ಇಳಕಲ್ಲ ಸೀರಿ, ದೊಡ್ಡ ಕುಂಕುಮ, ಮಾತು ಕಡಿಮಿ. ಮಾಂಟೆಸೊರಿಯವರು 1939ರಾಗ ಮದ್ರಾಸಿನ ಅಡ್ಯಾರಕ್ಕ ಬಂದದ್ದು, ಮಹಾಯುದ್ಧದಿಂದಾಗಿ ಇಲ್ಲೇ ಸಿಕ್ಕೊಂಡದ್ದು, ಕೊಡೈಕನಾಲಿನಾಗ ಇದ್ದದ್ದು, 1946ರ ತನಕಾ ಇದೇ ದೇಶದಾಗ ಶಿಕ್ಷಕರಿಗೆ ಪಾಠ ಹೇಳಿದ್ದು, ಎಲ್ಲಾ ಅವರ ಬಾಯಿಂದನ ನಾನು ಕೇಳಿದ್ದು. ಎಪ್ಪತ್ತು ಮುಟ್ಟಿದ ಹೆಣಮಗಳು ಪರದೇಶದಾಗ ಕುಂತು ಮಕ್ಕಳನ್ನ ನೋಡಿ ನೋಡಿ ಕಲತಾಳ, ನಿಮಗೇನು ಅವಸರ ಅಂತ ಬೈತಿದ್ದರು. ನಮ್ಮ ಕೈಗೆ ಒಂದು ಕೆಲಸ ಕೊಟ್ಟು, ಸುಮ್ಮನ ಕುಂತು ಕೂಸನ್ನ ನೋಡೋ ಈ ಮುಂದಿನ ಉಪಾಯ ಆ ಅಕ್ಕೋರದ. ನನ್ನ ಮಕ್ಕಳಿಗೂ ಇದನ್ನೇ ಮಾಡೀನಿ, ಈಗ ಮೊಮ್ಮಕ್ಕಳಿಗೂ ಮಾಡ್ತೀನಿ. ಇದರಾಗ ಒಂದನ್ನೂ ಬಿಡಬ್ಯಾಡ್ರಿ.

ಕಾಳು ಹಸನು ಮಾಡೋ ಮರ ತಗೋರಿ. ಬಿದಿರಿಂದೇ ಆಗಬೇಕು. ಪ್ಲಾಸ್ಟಿಕ್ಕಿನದರಾಗ ಕಾಳು ಜಾರಿ ಸಪ್ಪಳ ಮಾಡ್ತಾವ. ಅದರಾಗ ಒಂದೆರಡು ಬೊಗಸಿ ಜೋಳ ಹಾಕ್ರಿ. ತೊಗರಿ ಬ್ಯಾಳಿ ಬ್ಯಾಡ, ಲಗೂನ ಮುಗೀತದ. ಅಕ್ಕಿಯೂ ಬ್ಯಾಡ, ಬಿಳಿ ಅಕ್ಕಿಯೊಳಗ ಬಿಳಿ ಹಳ್ಳು ಹುಡಕೂದರಾಗ ಕಣ್ಣು ಅಲ್ಲೇ ಸಿಕ್ಕಿ ಬೀಳ್ತದ. ಜೋಳದಾಗಿನ ಮಣ್ಣಿನ ಹೆಂಟಿ, ಹೊಟ್ಟು, ಒಡಕ ಕಾಳು ಬೆರಳಿಗೇ ತಿಳೀತಾವ, ಕಣ್ಣಿಗೆ ಬಿಡುವು ಸಿಗ್ತದ. ಈಗ ಜೋಳ ಮಶೀನಿನಾಗ ಹಸನಾಗೇ ಬರ್ತದ ಅಂದ್ರ ಮೆಂತ್ಯಪಲ್ಯೆ ಸೋಸ್ರಿ, ಅದೂ ನಡೀತದ. ಜೋಳ ಇದ್ದರ ಆರಿಸೂದಷ್ಟೇ, ಕೇರಬಾರದು. ಕೇರೋ ಸಪ್ಪಳಕ್ಕ ಕೂಸು ತಿರುಗಿ ನೋಡ್ತದ, ಹೊಟ್ಟು ಹಾರಿ ಅದರ ಕಣ್ಣಿಗೆ ಬೀಳ್ತದ.

ಇನ್ನ ಕೂಡೋ ಜಾಗಾ. ಕೂಸಿನ ಎದುರಿಗೆ ಕೂಡಲೇಬಾರದು, ಎದುರಿಗೆ ಕುಂತರ ಅದು ಕೆಲಸ ಬಿಟ್ಟು ನಿಮ್ಮ ಮಾರಿ ಓದ್ತದ. ಪೂರಾ ಹಿಂದ ಕುಂತರ ನಿಮಗ ಅದರ ಕೈ ಕಾಣೂದಿಲ್ಲ. ಅದು ಯಾವ ಕೈಲೆ ಕೆಲಸ ಮಾಡ್ತದೋ ಆ ಮಗ್ಗಲಿಗೆ, ಒಂದು ಸ್ವಲ್ಪ ಹಿಂದಕ್ಕ ಸರದು, ನೆಲದ ಮ್ಯಾಲೆ ಕೂಡ್ರಿ. ಸೋಫಾದ ಮ್ಯಾಲೆ ಕುಂತು ನೋಡಿದರ ನೆತ್ತಿ ಅಷ್ಟೇ ಕಾಣ್ತದ. ಕುಂತಲ್ಲಿಂದ ಕೈ ಚಾಚಿದರ ಕೂಸು ಸಿಗಬಾರದು, ಎದ್ದು ಎರಡು ಹೆಜ್ಜಿ ಇಟ್ಟರ ಸಿಗಬೇಕು, ಅಷ್ಟು ದೂರ. ನಿಮ್ಮ ನೆರಳು ಅದರ ಕೆಲಸದ ಮ್ಯಾಲೆ ಬೀಳ್ತದೇನು ನೋಡಿಕೋರಿ, ಬಿದ್ದರ ಕಿಡಕಿ ಬಿಟ್ಟು ಆಚೆ ಸರೀರಿ. ಬಳಿ ಮೊಣಕೈ ಕಡೆ ಏರಿಸಿಕೋರಿ. ಕುಕ್ಕರ್ ಇಟ್ಟಿದ್ದರ ಸೀಟಿ ಮುಗಿಸಿ, ಒಲಿ ಆರಿಸಿ ಬಂದು ಕೂಡ್ರಿ. ಮೊಬೈಲು ಬ್ಯಾರೆ ಕೋಣ್ಯಾಗ.

ಯಾಕ ಇಷ್ಟೆಲ್ಲಾ ಅಂದ್ರ, ಖಾಲಿ ಕೈ ಸುಮ್ಮನ ಇರೂದಿಲ್ಲ. ಕೂಸಿನ ಗುಂಡಿ ಕಾಜಿಯೊಳಗ ಹೋಗಲಿಲ್ಲ ಅಂದ್ರ ನಿಮ್ಮ ಬೆರಳು ತಾವಾಗೇ ಮುಂದ ಹೋಗ್ತಾವ. ಕೈಯಾಗ ಕಾಳು ಇದ್ದರ ತಡೀತಾವ. ಅಷ್ಟೇ ಅಲ್ಲ, ದಿಟ್ಟಿಸಿ ನೋಡೋರ ಮುಂದ ದೊಡ್ಡೋರಿಗೇ ಕೆಲಸ ಮಾಡೂದು ಆಗೂದಿಲ್ಲ, ಕೂಸಿಗೆ ಹೆಂಗ ಆಗ್ತದ? ಆಯಿ ತನ್ನ ಕೆಲಸ ತಾ ಮಾಡ್ತಾಳ ಅಂದ್ರ ಅದೂ ತನ್ನ ಕೆಲಸಕ್ಕ ಹತ್ತತದ. ನಡುವ ತಲಿ ಎತ್ತಿ ನಿಮ್ಮ ಕಡೆ ನೋಡಿದರ ಸ್ವಲ್ಪ ತಲಿ ತೂಗಿ ಮತ್ತ ಜೋಳಕ್ಕ ಹೋಗ್ರಿ. ಮಾತು ಬ್ಯಾಡ, ಚಪ್ಪಾಳಿ ಬ್ಯಾಡ, 'ಇದು ಯಾವ ಬಣ್ಣ, ಎಷ್ಟು ಅದಾವ' ಅನ್ನೋ ಪರೀಕ್ಷಾ ಅಂತೂ ಬ್ಯಾಡೇ ಬ್ಯಾಡ.

ಎದ್ದ ಮ್ಯಾಲೆ ಬರೀಬೇಕು. ಕಿಡಕಿಯ ಹತ್ತಿರ ಮೊಳಿಗೆ ಒಂದು ವಹಿ, ದಾರ ಕಟ್ಟಿದ ಪೆನ್ಸಿಲ್ ತೂಗುಹಾಕ್ರಿ. ಕಣ್ಣು ಕಂಡದ್ದಷ್ಟೇ ಬರೀರಿ. 'ಇವತ್ತು ಭಾಳ ಹಟ ಮಾಡಿದ' ಅಂತ ನನ್ನ ಸೊಸಿ ಬರದಿದ್ದಳು. ಅದು ಅವಳ ಸಿಟ್ಟು, ಅದರಾಗ ಹುಡುಗ ಎಲ್ಲಿ ಬಂದ? 'ಡಬ್ಬಿಯ ಮುಚ್ಚಳ ಎಡಕ್ಕ ತಿರುವಿದ, ಬಿಚ್ಚಲಿಲ್ಲ, ಬಲಕ್ಕ ತಿರುವಿದ, ಇನ್ನೂ ಬಿಗಿ ಆತು, ನೆಲಕ್ಕ ಒಗದ' ಅಂತ ಬರೀಬೇಕು. ಹಿಂಗ ಬರದರ ಒಗದದ್ದು ಯಾಕ ಅನ್ನೂದು ಅಲ್ಲೇ ಬಿದ್ದಿರ್ತದ. ಬ್ಯಾರೆ ಡಬ್ಬಿ ಕೊಟ್ಟರ ಆತು, ಬಯ್ಯೋ ಪ್ರಸಂಗನ ಬರೂದಿಲ್ಲ.

ನಮ್ಮ ಸಣ್ಣ ಮೊಮ್ಮಗಳಿಗೆ ಎರಡೂವರಿ ವರ್ಷ. ಹಿತ್ತಾಳಿ ಚರಗಿಯಿಂದ ವಾಟಗಕ್ಕ ನೀರು ಸುರುವೂದು ಅಂದ್ರ ಜೀವ. ಪ್ರತಿ ಸಲ ನೀರು ವಾಟಗಕ್ಕ ಬೀಳೂದು ಬಿಟ್ಟು ಚರಗಿಯ ಹೊಟ್ಟಿಗುಂಟ ಇಳದು ಅವಳ ಮೊಣಕಾಲು ತೋಸೂದು. ಅವರವ್ವ 'ನಿಧಾನ, ಪುಟ್ಟಿ, ನಿಧಾನ' ಅಂತ ಹೇಳೂದು, ಅದು ಇನ್ನೂ ನಿಧಾನ ಮಾಡೂದು, ಇನ್ನೂ ಜಾಸ್ತಿ ಚೆಲ್ಲೂದು. ನಾನು ಮರ ಹಿಡದು ಕುಂತು ಆ ಚರಗಿಯ ಬಾಯಿಯನ್ನೇ ನೋಡಿದೆ. ಬಾಯಿಯ ಅಂಚು ದಪ್ಪ, ಹೊರಗ ಮಡಚಿದ್ದು. ನಿಧಾನ ಬಗ್ಗಿಸಿದರ ನೀರು ಆ ಅಂಚು ಹಿಡದು ಹೊಟ್ಟಿಗುಂಟ ಇಳೀತದ, ಸರ್ರನೆ ಬಗ್ಗಿಸಿದರ ಸೀದಾ ವಾಟಗಕ್ಕ ಬೀಳ್ತದ. ಕೂಸಿನ ಕೈ ಸರಿಯಾಗೇ ಇತ್ತು. ಕೂಸಿಗೆ 'ನಿಧಾನ' ಅಂತ ಕಲಿಸಿದ್ದೇ ಚೆಲ್ಲಲಿಕ್ಕೆ ಕಾರಣ! ತೆಳ್ಳನ ಮೂತಿ ಇರೋ ಹಾಲಿನ ಸಣ್ಣ ಜಗ್ಗು ಅಲ್ಲಿ ಇಟ್ಟೆ, ಚರಗಿ ದೇವರ ಮನಿಗೆ ಹೋತು. ಅವತ್ತು ಅವಳು ಸುರುವಿದ್ದೇ ಸುರುವಿದ್ದು. ಕಡಿಗೆ ಮೂತಿಯ ತುದಿಗೆ ಒಂದು ಹನಿ ನಿಂತಿತ್ತು, ಅದು ಬೀಳ್ತದೋ ಇಲ್ಲೋ ಅಂತ ಕಣ್ಣು ಅಲ್ಲಿಗೇ ತಂದು ನೋಡಿ, ತೋರಬೆರಳಿಲೆ ಮುಟ್ಟಿ, ಆ ಹನಿಯನ್ನ ವಾಟಗದ ಅಂಚಿಗೆ ಒರಸಿದಳು. ಇದನ್ನ ಯಾರೂ ಕಲಿಸಿದ್ದಲ್ಲ.

ಅವತ್ತೇ ಇನ್ನೊಂದು ಕಂಡೆ. ನೀರು ಚೆಲ್ಲಿದಾಗೆಲ್ಲಾ ಅವಳು ಎದ್ದು ಬಾಗಲ ಹಿಂದಿನ ಮೊಳಿಯ ತನಕಾ ಹೋಗಿ, ಮ್ಯಾಲೆ ನೋಡಿ, ತಿರುಗಿ ಬರ್ತಿದ್ದಳು. ನೆಲ ಒರಸೋ ಅರಬಿ ಅಲ್ಲಿ ತೂಗತಿತ್ತು, ಅವಳ ಕೈಗೆ ಎಟುಕ್ತಿರಲಿಲ್ಲ. ಮೊಳಿ ಅವಳ ಎದಿಮಟ್ಟಕ್ಕ ಹೊಡಿಸಿದೆ. ಈಗ ಚೆಲ್ಲಿದ್ದನ್ನ ತಾನೇ ಒರಸ್ತಾಳ, ಒರಸೂದರಾಗ ಸುರುವೂದಕ್ಕಿಂತ ಜಾಸ್ತಿ ಹೊತ್ತು ಇರ್ತಾಳ.

ಕೆಲಸಕ್ಕ ಕೂಡಲಿಕ್ಕೆ ಕೂಸಿಗೆ ಒಂದು ಸಣ್ಣ ಕೌದಿ ಹಾಸಿಕೊಡ್ರಿ. ಫೋಮಿನ ಚಾಪಿಗೆ ರೊಕ್ಕ ಹಾಕಬ್ಯಾಡ್ರಿ. ಹಳೇ ಸೀರಿ, ಧೋತರ ಕೂಡಿಸಿ ಹೊಲದ ಕೌದಿಯ ಅಂಚು ಎದ್ದು ಕಾಣ್ತದ, ನನ್ನ ಕೆಲಸ ಇದರೊಳಗ ಅಂತ ಕೂಸಿಗೆ ತಿಳೀತದ. ಮುಗಿಸಿ ತಾನೇ ಸುತ್ತಿ ಮೂಲ್ಯಾಗ ನಿಲ್ಲಸ್ತದ.

ಮಣ್ಣೆತ್ತಿನ ಅಮಾಸಿಗೆ ಈಗ ಎಲ್ಲಾರೂ ಪೇಟ್ಯಾಗಿನ ಬಣ್ಣದ ಎತ್ತು ತಂದು ಪೂಜಿ ಮಾಡಿ ಕೈ ತೊಳಕೊಳ್ತಾರ. ಪೂಜಿಗೆ ತರ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ಒಂದು ಹೆಂಟಿ ಎರಿ ಮಣ್ಣು ಕಲಸಿ ಕೂಸಿಗೂ ಕೊಡ್ರಿ. ಅದು ಎತ್ತು ಮಾಡೂದಿಲ್ಲ, ಬೆರಳು ಊರಿ ತೂತು ಮಾಡ್ತದ, ಅಷ್ಟೇ ಮಾಡ್ತದ. ಮಾಡಲಿ ಬಿಡ್ರಿ. 'ಹಿಂಗಲ್ಲ, ಕೋಡು ಹಿಂಗ' ಅಂತ ನೀವು ತಿದ್ದಲಿಕ್ಕೆ ಹೋದರ ಮಣ್ಣು ನಿಮ್ಮ ಕೈಗೇ ಬರ್ತದ, ಕೂಸು ಎದ್ದು ಹೋಗ್ತದ. ಗೋಳಗುಮ್ಮಟಕ್ಕ ಹೋದಾಗೂ ಇದನ್ನೇ ನೋಡ್ತೀನಿ. ಮ್ಯಾಲೆ ಹತ್ತಿ ಕೂಗಿ ದನಿ ಕೇಳಿಸೋ ಅವಸರ ದೊಡ್ಡೋರಿಗೆ. ಒಂದೂವರಿ ವರ್ಷದ ಕೂಸಿಗೆ ಹೊರಗಿನ ನಾಕು ಮೆಟ್ಟಲೇ ಸಾಕಾಗಿರ್ತದ, ಹತ್ತೂದು, ಇಳಿಯೂದು, ಮತ್ತ ಹತ್ತೂದು. ಅದನ್ನ ಕಂಕಳಾಗ ಎತ್ತಿಕೊಂಡು ಓಡ್ತಾರ, ಅದು ಅಳ್ತದ, 'ಹೊರಗ ಕರಕೊಂಡು ಬಂದರ ಬರೇ ಕಿರಿಕಿರಿ' ಅಂತ ಅದಕ್ಕೇ ಹೆಸರಿಡ್ತಾರ.

ಗಂಡಸರು ಇದು ಹೆಂಗಸರ ಕೆಲಸ ಅನಬ್ಯಾಡ್ರಿ. ಗುಜರಾತಿನ ಭಾವನಗರದಾಗ ಗಿಜುಭಾಯಿ ಬಧೇಕಾ ಅಂತ ವಕೀಲರಿದ್ದರು. ವಕೀಲಿ ಬಿಟ್ಟು 1920ರಾಗ ಬಾಲಮಂದಿರ ಕಟ್ಟಿದರು. ಮೀಸಿ ಇರೋ ತಾಯಿ ಅಂತ ಜನ ಅವರನ್ನ ಕರೀತಿದ್ದರು. ನಮ್ಮನಿಯವರು ಶೇಂಗಾ ಸುಲಿಯೋ ನೆವದಾಗ ಕುಂತು ನೋಡ್ತಿದ್ದರು, ನನಗ ಕಾಣದ್ದು ಅವರಿಗೆ ಕಂಡದ್ದು ಎಷ್ಟೋ ಸಲ. ಶೇಂಗಾದ ಮಾತು ಬಂತು, ಸಣ್ಣ ಕೂಸಿನ ಕೈಗೆ ಇಡೀ ಶೇಂಗಾಬೀಜ ಸಿಗಬಾರದು, ಗಂಟಲಿಗೆ ಸಿಕ್ಕೊಳ್ತದ.

ಸುಮ್ಮನ ಕುಂತು ನೋಡ್ರಿ ಅಂದ್ರ ಏನಾದರೂ ಆಗಲಿ ಅಂತ ಬಿಡ್ರಿ ಅಂತಲ್ಲ. ನೀರು ತುಂಬಿದ ಬಕೀಟಿನ ಹತ್ತಿರ ಕೂಸನ್ನ ಒಂದು ಗಳಿಗಿಯೂ ಒಂಟಿ ಬಿಡಬಾರದು. ಈಳಗಿ, ಒಲಿ, ಕರೆಂಟಿನ ತೂತು, ಇವು ಕೂಸು ಕೂಡೋ ಮೊದಲೇ ದೂರ ಆಗಿರಬೇಕು. ಇನ್ನೊಂದು ಕೂಸಿಗೆ ಹೊಡದರ ಮರ ಕೆಳಗಿಟ್ಟು ಏಳ್ರಿ, ಕೈ ಹಿಡೀರಿ, ಒಂದೇ ಮಾತು ಹೇಳ್ರಿ, ಭಾಷಣ ಬ್ಯಾಡ. ಬಾಕಿ ಎಲ್ಲಾದಕ್ಕೂ, ಅಂದ್ರ ಉಲ್ಟಾ ಇಟ್ಟರ, ತಪ್ಪು ತೂತಿಗೆ ತುರುಕಿದರ, ಅಂಗಿ ಹಿಂದ ಮುಂದ ಹಾಕಿದರ, ಕುಂತಲ್ಲೇ ಇರ್ರಿ. ಮಾರಿ ಎತ್ತಿ 'ಆಯೀ' ಅಂತ ಕರದರ ಹೋಗ್ರಿ, ಎಷ್ಟು ಕೇಳ್ತದೋ ಅಷ್ಟೇ ಮಾಡಿ ಕೈ ತಕ್ಕೋರಿ.

ಐತವಾರಕ್ಕೊಮ್ಮೆ ಆ ವಹಿ ತಗದು ಮನಿಮಂದಿ ಕೂಡಿ ಓದ್ರಿ. ಒಂದೇ ಸಂಗತಿ ಮ್ಯಾಲಿಂದ ಮ್ಯಾಲೆ ಬಂದಿದ್ದರ ಅದಕ್ಕ ತಕ್ಕಂಗ ಮನ್ಯಾಗ ಒಂದು ಬದಲಿ ಮಾಡ್ರಿ. ಒಂದೇ. ಕಪಾಟೂ ಸರಿಸಿ, ಹೊಸಾ ಸಾಮಾನೂ ತಂದು, ಹೊತ್ತೂ ಬದಲಿಸಿದರ ಕೂಸು ಯಾವುದರಿಂದ ಸುಧಾರಿಸ್ತು ಅಂತ ನಿಮಗ ತಿಳಿಯೂದೇ ಇಲ್ಲ. ಎರಡು ವಾರ ಕೈ ಹಚ್ಚದ ಸಾಮಾನು ಕಪಾಟಿನಾಗ ಇಡಬ್ಯಾಡ್ರಿ, ಅಟ್ಟಕ್ಕ ಹಾಕ್ರಿ, ತಿಂಗಳು ಬಿಟ್ಟು ಮತ್ತ ಇಡ್ರಿ. ಇಟ್ಟ ಮ್ಯಾಲೆ 'ಇಲ್ಲಿ ನೋಡು ಪುಟ್ಟಿ, ಏನು ಬಂದದ' ಅಂತ ಕೂಗಿ ಕರೀಬ್ಯಾಡ್ರಿ, ಬೇಕಾದರ ಅದೇ ಬಂದು ತಗೋಳ್ತದ.