ಹಳೆಯ ನಾಪತ್ತೆ ಪ್ರಕರಣವನ್ನು ಓದುವ ಕ್ರಮ: ಎಮಾನುಯೆಲಾ ಒರ್ಲಾಂಡಿಯ ಕಡತ

1983ರ ಜೂನ್ 22ರ ಸಂಜೆ ರೋಮ್ ನಗರದಲ್ಲಿ ಕಾಣೆಯಾದ 15 ವರ್ಷದ ಎಮಾನುಯೆಲಾ ಒರ್ಲಾಂಡಿ ಏನಾದಳೆಂಬುದು ಇಂದಿಗೂ ಗೊತ್ತಾಗಿಲ್ಲ. ತಂದೆ ಪೋಪರ ಅರಮನೆಯ ನೌಕರರು. ಆಕೆ ವ್ಯಾಟಿಕನ್ ಪ್ರಜೆ. ಈ ಕಾರಣದಿಂದಲೇ ಪ್ರಕರಣದ ಬಗ್ಗೆ ಓದಲು ಹೊರಟವರ ಮುಂದೆ ಭೂಗತ ಪಾತಕಿಗಳು, ಬ್ಯಾಂಕುಗಳು, ಗೂಢಚಾರರು, ಪಾದ್ರಿಗಳು ಎಲ್ಲರೂ ಒಮ್ಮೆಗೇ ಬಂದು ನಿಲ್ಲುತ್ತಾರೆ. ಅವರನ್ನೆಲ್ಲ ಸದ್ಯಕ್ಕೆ ಹೊರಗೆ ಕೂರಿಸಿ, ಆ ಒಂದು ಸಂಜೆಯಿಂದ ಓದು ಆರಂಭಿಸುವುದು ಲೇಸು.

ಮೊದಲಿಗೆ ಒಂದು ಹಾಳೆಯಲ್ಲಿ ಆ ಸಂಜೆಯ ಸಂಗತಿಗಳನ್ನು ನಡೆದ ಕ್ರಮದಲ್ಲಿ ಬರೆದು, ಪ್ರತಿಯೊಂದರ ಎದುರು ಅದನ್ನು ಕಂಡವರು ಅಥವಾ ಕೇಳಿದವರು ಯಾರೆಂದು ನಮೂದಿಸಿಕೊಳ್ಳಿ. ಆಕೆ ಸಂತ ಅಪೊಲಿನಾರೆ ಚೌಕದ ಸಂಗೀತ ಶಾಲೆಗೆ ಕೊಳಲಿನ ಪಾಠಕ್ಕೆ ಹೋಗಿದ್ದಳು, ತಲುಪಿದ್ದು ತಡವಾಗಿ. ಸಂಜೆ ಮನೆಗೆ ಫೋನ್ ಮಾಡಿ, ಫ್ಯಾಷನ್ ಪ್ರದರ್ಶನವೊಂದರಲ್ಲಿ ಏವನ್ ಕಂಪನಿಯ ಸೌಂದರ್ಯವರ್ಧಕಗಳನ್ನು ಹಂಚುವ ಕೆಲಸವನ್ನು ಯಾರೋ ಕೊಡಲು ಮುಂದೆ ಬಂದಿದ್ದಾರೆಂದು ಅಕ್ಕನಿಗೆ ತಿಳಿಸಿದಳು. ಪಾಠ ಮುಗಿದ ಮೇಲೆ ಸಹಪಾಠಿಗಳು ಆಕೆಯನ್ನು ಕೊರ್ಸೊ ರಿನಾಶಿಮೆಂಟೊ ಬೀದಿಯ ಬಸ್ ನಿಲ್ದಾಣದಲ್ಲಿ ಕಂಡರು. ಆಕೆಯನ್ನು ಚೆನ್ನಾಗಿ ಬಲ್ಲವರ ಸಾಕ್ಷ್ಯ ಇಲ್ಲಿಗೆ ಮುಗಿಯುತ್ತದೆ. ಸೆನೆಟ್ ಭವನದ ಎದುರು ಕರ್ತವ್ಯದಲ್ಲಿದ್ದವರು ಬಿಎಂಡಬ್ಲ್ಯು ಕಾರಿನ ಬಳಿ ವ್ಯಕ್ತಿಯೊಬ್ಬನೊಡನೆ ಮಾತನಾಡುತ್ತಿದ್ದ ಹುಡುಗಿಯನ್ನು ನೋಡಿದ್ದಾಗಿ ಹೇಳಿದ್ದುಂಟು. ಆದರೆ ಅದು ಪರಿಚಯವಿಲ್ಲದವರು ಆಮೇಲೆ ನೆನಪಿನಿಂದ ಹೇಳಿದ ಮಾತಾದ್ದರಿಂದ ಅದೇ ಹಾಳೆಯಲ್ಲಿ ಬೇರೊಂದು ಅಂಕಣದಲ್ಲಿರಲಿ.

ಎರಡನೆಯ ಹಾಳೆಯಲ್ಲಿ ಸುದ್ದಿ ಹರಡಿದ ದಿನಾಂಕಗಳನ್ನು ಹಾಕಿಕೊಳ್ಳಬೇಕು. ಬಹಳಷ್ಟು ಓದುಗರು ಬಿಟ್ಟುಬಿಡುವ ಈ ಕೆಲಸಕ್ಕೇ, ನನ್ನ ಅಭಿಪ್ರಾಯದಲ್ಲಿ, ಹೆಚ್ಚಿನ ಬೆಲೆ. ಕುಟುಂಬವು ಮನೆಯ ಫೋನ್ ಸಂಖ್ಯೆಯೊಂದಿಗೆ ಪತ್ರಿಕೆಗಳಲ್ಲಿ ಮನವಿ ಪ್ರಕಟಿಸಿದ ಬಳಿಕ, ಜೂನ್ 25ರಂದು 'ಪಿಯರ್‌ಲುಯಿಜಿ' ಎಂದೂ 28ರಂದು 'ಮಾರಿಯೊ' ಎಂದೂ ಹೇಳಿಕೊಂಡವರು ಕರೆ ಮಾಡಿದರು. ಜುಲೈ 3ರಂದು ಎರಡನೆಯ ಜಾನ್ ಪಾಲ್ ಪೋಪರು ಭಾನುವಾರದ ಪ್ರಾರ್ಥನೆಯ ವೇಳೆ ಬಹಿರಂಗ ಮನವಿ ಮಾಡಿದರು. ಎರಡೇ ದಿನಗಳಲ್ಲಿ, 'ಅಮೆರಿಕನ್' ಎಂದು ಹೆಸರಾದ ವ್ಯಕ್ತಿ ಕರೆ ಮಾಡಿ, 1981ರಲ್ಲಿ ಪೋಪರ ಮೇಲೆ ಗುಂಡು ಹಾರಿಸಿದ್ದ ಮೆಹ್ಮೆತ್ ಅಲಿ ಆಗ್ಜಾನ ಬಿಡುಗಡೆಗೆ ಜುಲೈ 20ರ ಗಡುವು ಕೊಟ್ಟ. ಪ್ರತಿ ಕರೆಯ ಎದುರೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಅಂದಿನವರೆಗೆ ಪತ್ರಿಕೆಯಲ್ಲಿ ಬಾರದಿದ್ದ ಯಾವ ವಿವರ ಇದರಲ್ಲಿತ್ತು? ಪಾರ್ಲಿಮೆಂಟ್ ಚೌಕದ ಕಸದ ಬುಟ್ಟಿಯಲ್ಲಿ ದೊರೆತ, ಆಕೆಯ ಸಂಗೀತ ಶಾಲೆಯ ಗುರುತಿನ ಚೀಟಿಯ ನಕಲು ಈ ಪರೀಕ್ಷೆಯಲ್ಲಿ ಸ್ವಲ್ಪಮಟ್ಟಿಗೆ ನಿಲ್ಲುತ್ತದೆ. ಆದರೂ ಚೀಟಿಯೋ ಅದರ ಪ್ರತಿಯೋ ಯಾರದೋ ಕೈಗೆ ಸಿಕ್ಕಿತ್ತೆಂಬುದಕ್ಕಿಂತ ಹೆಚ್ಚಿನದನ್ನು ಅದು ಹೇಳುವುದಿಲ್ಲ. ಹುಡುಗಿ ಅವರ ವಶದಲ್ಲಿದ್ದಳೆಂದು ಅದರಿಂದ ತೀರ್ಮಾನಿಸಲಾಗದು.

ಅದೇ ವರ್ಷದ ಮೇ 7ರಂದು ರೋಮ್‌ನಲ್ಲೇ ಕಾಣೆಯಾದ 15 ವರ್ಷದ ಮಿರೆಲ್ಲಾ ಗ್ರೆಗೋರಿಯ ಪ್ರಕರಣವನ್ನು ಇದರೊಂದಿಗೆ ಸೇರಿಸಿ ಬರೆಯುವ ರೂಢಿಯಿದೆ. ನಂಟು ಸಾಬೀತಾಗುವವರೆಗೆ ಆಕೆಗೆ ಬೇರೆಯದೇ ಹಾಳೆ ಇರಲಿ.

ಪರೀಕ್ಷೆಗೆ ಒಳಗಾದ ಹೇಳಿಕೆಗಳನ್ನು ಫಲಿತಾಂಶದ ಸಮೇತ ಗುರುತಿಸಿಕೊಳ್ಳಿ. ಪಾತಕಿ ಎನ್ರಿಕೊ ದೆ ಪೆದಿಸ್‌ನ ಸಮಾಧಿಯನ್ನು ನೋಡಿರೆಂದು 2005ರಲ್ಲಿ ಟಿವಿ ಕಾರ್ಯಕ್ರಮವೊಂದಕ್ಕೆ ಅನಾಮಧೇಯ ಕರೆ ಬಂದಿತ್ತು; 2012ರಲ್ಲಿ ಅದನ್ನು ತೆರೆಸಿದಾಗ ಎಮಾನುಯೆಲಾಳ ಕುರುಹು ಸಿಗಲಿಲ್ಲ. 2019ರ ಜುಲೈನಲ್ಲಿ ವ್ಯಾಟಿಕನ್‌ನ ಜರ್ಮನ್ ಸ್ಮಶಾನದ ಎರಡು ಗೋರಿಗಳನ್ನು ತೆರೆದಾಗ, ಅಲ್ಲಿರಬೇಕಾಗಿದ್ದ ರಾಜಕುಮಾರಿಯರ ಅವಶೇಷಗಳೂ ಇರಲಿಲ್ಲ. ಅದು ಕುತೂಹಲದ ವಿಷಯವೇ ಹೌದು, ಆದರೆ ರಾಜಕುಮಾರಿಯರ ಕಥೆಗೆ ಸೇರಿದ್ದು. ಹೆಸರು ಕೇಳಿಬಂದವರನ್ನೆಲ್ಲ ಅಪರಾಧಿಗಳೆಂದು ಬರೆಯಬೇಡಿ. ಈ ಪ್ರಕರಣದಲ್ಲಿ ಯಾರಿಗೂ ಶಿಕ್ಷೆಯಾಗಿಲ್ಲ.

ರೋಮ್‌ನ ಅಭಿಯೋಜಕರ ಕೋರಿಕೆಯಂತೆ 2015ರಲ್ಲಿ ಮುಚ್ಚಿದ್ದ ತನಿಖೆ, ಅಣ್ಣ ಪಿಯೆತ್ರೊ ಒರ್ಲಾಂಡಿ ಹೋರಾಟ ಬಿಡದಿರುವಾಗ, 2023ರಲ್ಲಿ ವ್ಯಾಟಿಕನ್‌ನಲ್ಲೂ ರೋಮ್‌ನಲ್ಲೂ ಮತ್ತೆ ತೆರೆಯಿತು. ಅದೇ ವರ್ಷ ಇಟಲಿಯ ಸಂಸತ್ತು ವಿಚಾರಣಾ ಆಯೋಗಕ್ಕೆ ಒಪ್ಪಿಗೆ ಕೊಟ್ಟಿತು. ಇನ್ನು ಮುಂದೆ 'ರಹಸ್ಯ ಬಯಲು' ಎಂಬ ತಲೆಬರಹ ಕಂಡಾಗ, ಅದರಲ್ಲಿರುವುದು 1983ರ ಜೂನ್ 22ರ ಸಾಕ್ಷ್ಯವೋ, ಆನಂತರದ ನೆನಪೋ, ಕರೆಯೋ ಎಂದು ನೋಡಿ, ತಕ್ಕ ಹಾಳೆಯಲ್ಲಿ ದಿನಾಂಕ ಸಹಿತ ಬರೆದಿಡಿ.