ಬೆಂಗಳೂರಿನ ಕಾನ್ಸರ್ಟಿಗೆ ತೀರ್ಥಹಳ್ಳಿಯಿಂದ ಟಿಕೆಟ್ ಹಿಡಿಯುವುದು ಹೇಗೆ?

ತಂಗಿಯ ಮಗಳಿಗೆ ಬೆಂಗಳೂರಿನ ಒಂದು ಕಾನ್ಸರ್ಟಿನ ಟಿಕೆಟ್ ಕೊಡಿಸುವುದಾಗಿ ಮಾತು ಕೊಟ್ಟಿದ್ದೆ. ಮಾರಾಟದ ದಿನ ತೀರ್ಥಹಳ್ಳಿಯ ಮನೆಯ ತಾರಸಿಯಲ್ಲಿ ನೀರಿನ ಟ್ಯಾಂಕಿಗೆ ಒರಗಿ ಕುಳಿತೆ. ನಮ್ಮಲ್ಲಿ ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ. ನಲವತ್ತು ನಿಮಿಷ ಸರದಿ ಕಾದು ಹಣ ಕಟ್ಟುವ ಪುಟ ತಲುಪಿದಾಗ ಓಟಿಪಿ ಬರಲಿಲ್ಲ. ಅದು ಬಂದದ್ದು ನಾನು ಕೆಳಗಿಳಿದು ಕಾಫಿ ಕುಡಿಯುತ್ತಿದ್ದಾಗ. ಸಂಜೆಯ ಹೊತ್ತಿಗೆ ಮೂರು ಸಾವಿರದ ಅದೇ ಟಿಕೆಟನ್ನು ಮರುಮಾರಾಟದ ಜಾಲತಾಣದಲ್ಲಿ ಒಬ್ಬ ದಲ್ಲಾಳಿ ಹನ್ನೊಂದು ಸಾವಿರಕ್ಕೆ ಇಟ್ಟಿದ್ದ. ಟಾಕೀಸಿನ ಗೇಟಿನಲ್ಲಿ ಬ್ಲಾಕ್ ಟಿಕೆಟ್ ಮಾರುತ್ತಿದ್ದವನ ಮುಖವನ್ನಾದರೂ ನೋಡಬಹುದಿತ್ತು. ಇವನ ಖಾತೆಯಲ್ಲಿದ್ದದ್ದು ಒಂದು ಸೂರ್ಯಾಸ್ತದ ಚಿತ್ರ.

ಮೊದಲು ಬಸ್ಸು ನೋಡಿ. ಬಯಲಿನ ಕಾರ್ಯಕ್ರಮಗಳು ಧ್ವನಿವರ್ಧಕದ ನಿಯಮದಿಂದಾಗಿ ಸಾಮಾನ್ಯವಾಗಿ ರಾತ್ರಿ ಹತ್ತಕ್ಕೆ ಮುಗಿಯುತ್ತವೆ. ಜನಜಂಗುಳಿ ದಾಟಿ ಮೆಜೆಸ್ಟಿಕ್ ಸೇರಲು ಒಂದೂವರೆ ಗಂಟೆ ಬೇಕೆಂದುಕೊಂಡು, ಅದಕ್ಕೆ ಹೊಂದುವ ಬಸ್ಸಿದೆಯೇ ನೋಡಿದ ಮೇಲೆ ಟಿಕೆಟಿನ ಆಸೆ ಪಡಿ.

ಮಾರಾಟದ ಹಿಂದಿನ ದಿನವೇ ಅರ್ಧ ಕೆಲಸ ಮುಗಿಸಿ. ಆ್ಯಪ್‌ನಲ್ಲಿ ಲಾಗಿನ್ ಆಗಿ ಮೊಬೈಲ್ ಸಂಖ್ಯೆ, ವಿಳಾಸ ತುಂಬಿಸಿಡಿ. ಎಸ್‌ಎಂಎಸ್ ತಡವಾಗುವ ಊರಿನಲ್ಲಿ ಕಾರ್ಡಿಗಿಂತ ಯುಪಿಐ ವಾಸಿ; ಅದಕ್ಕೆ ಪಿನ್ ಸಾಕು, ಓಟಿಪಿಗೆ ಕಾಯಬೇಕಿಲ್ಲ. ಆದರೆ ಹೊಸ ಮೊಬೈಲಿಗೆ ಯುಪಿಐ ಬದಲಾಯಿಸಿಕೊಂಡವರಿಗೆ ಮೊದಲ 24 ಗಂಟೆ 5,000 ರೂಪಾಯಿಯ ಮಿತಿ ಇರುತ್ತದೆ. ಮಳೆಗಾಲವಾದರೆ ಶಿವಮೊಗ್ಗದಲ್ಲಿ ಫೈಬರ್ ಸಂಪರ್ಕವಿರುವ ನೆಂಟರ ಮನೆಗೆ ಹೋಗಿಬಿಡಿ. ನಿಮ್ಮ ಮನೆಗೆ ಇನ್ವರ್ಟರ್ ಇರಬಹುದು, ಗುಡ್ಡದ ಮೇಲಿನ ಟವರಿನ ಬ್ಯಾಟರಿ ಎಷ್ಟು ಹೊತ್ತು ಬಾಳುತ್ತದೆಂದು ಹೇಳುವವರಿಲ್ಲ.

ಸರದಿಯಲ್ಲಿದ್ದಾಗ ಪುಟವನ್ನು ಮುಟ್ಟಬೇಡಿ. ಬಹುತೇಕ ತಾಣಗಳಲ್ಲಿ ಮಾರಾಟ ಶುರುವಾಗುವ ಮುನ್ನ ಒಂದು ಕಾಯುವ ಕೋಣೆ ತೆರೆಯುತ್ತದೆ. ಸಮಯವಾದಾಗ ಅಲ್ಲಿರುವವರಿಗೆಲ್ಲ ಚೀಟಿ ಎತ್ತಿದಂತೆ ಸಂಖ್ಯೆ ಸಿಗುತ್ತದೆ. ಆಮೇಲೆ ಬಂದವರು ಹಿಂದೆ ನಿಲ್ಲಬೇಕು. ಹಾಗಾಗಿ ಹತ್ತು ನಿಮಿಷ ಮೊದಲೇ ಒಳಗಿರಿ. ಬೇಸರಕ್ಕೆ ರಿಫ್ರೆಶ್ ಒತ್ತಿದರೆ ಬಾಲಕ್ಕೆ ಹೋಗುವ ಅಪಾಯವಿದೆ. ‘ಮುಗಿದಿದೆ’ ಎಂದು ಕಂಡರೂ ತಕ್ಷಣ ಏಳಬೇಡಿ: ಪಾವತಿ ವಿಫಲವಾದವರ ಟಿಕೆಟುಗಳು ಕೆಲವೇ ನಿಮಿಷಗಳಲ್ಲಿ ಮಾರಾಟಕ್ಕೆ ಮರಳುತ್ತವೆ. ನಾನು ಕಾಫಿಗೆ ಇಳಿದದ್ದು ತಪ್ಪು.

ಕೊನೆಯ ಮೊತ್ತ ನೋಡಿ ಪಾವತಿಸಿ. ಸೇವಾಶುಲ್ಕ, ಅದರ ಮೇಲೆ ಶೇ 18 ಜಿಎಸ್‌ಟಿ ಸೇರಿರುತ್ತದೆ. ಕೇಳದೆಯೇ ದೇಣಿಗೆ, ವಿಮೆ ಸೇರಿಸುವುದನ್ನು 2023ರ ಕೇಂದ್ರ ಮಾರ್ಗಸೂಚಿ ನಿಷೇಧಿಸಿದೆ, ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಕೈತಪ್ಪಿದರೆ ತಡೆದುಕೊಳ್ಳಿ. ಕಷ್ಟದ ಹೆಜ್ಜೆ ಇದೇ. 2024ರ ಸೆಪ್ಟೆಂಬರ್ 22ರಂದು ಬ್ರಿಟನ್ನಿನ ಕೋಲ್ಡ್‌ಪ್ಲೇ ಸಂಗೀತ ತಂಡದ ನವಿ ಮುಂಬೈ ಕಾರ್ಯಕ್ರಮಗಳ ಟಿಕೆಟ್ ಮಾರಾಟವಾದಾಗ ಮರುಮಾರಾಟದ ತಾಣಗಳಲ್ಲಿ ಬೆಲೆ ಲಕ್ಷಗಳಿಗೆ ಏರಿತ್ತು. ಅದೇ ದಿನ ಮೂರನೆಯ ಕಾರ್ಯಕ್ರಮ ಸೇರಿತು. ನವೆಂಬರಿನಲ್ಲಿ ಅಹಮದಾಬಾದಿನ ಕಾರ್ಯಕ್ರಮವೂ ಸೇರಿತು, ಅದೂ ಲಕ್ಷಕ್ಕೂ ಹೆಚ್ಚು ಜನ ಹಿಡಿಯುವ ಕ್ರೀಡಾಂಗಣದಲ್ಲಿ. ಮೊದಲ ದಿನವೇ ಲಕ್ಷ ಸುರಿದವರ ಹೊಟ್ಟೆ ಎಷ್ಟು ಉರಿದಿರಬೇಕು!

ಅಡಿಕೆ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದರ ಬಿದ್ದರೆ ಅಡಿಕೆಯನ್ನು ಮೂಟೆ ಕಟ್ಟಿ ಮುಂದಿನ ವರ್ಷದವರೆಗೆ ಇಡಬಹುದು. ಟಿಕೆಟ್ ಹಾಗಲ್ಲ, ಮರುದಿನ ಬೆಳಿಗ್ಗೆ ರದ್ದಿ. ದಿನ ಹತ್ತಿರವಾದಂತೆ ದಲ್ಲಾಳಿಗೆ ನಡುಕ ಹುಟ್ಟುತ್ತದೆ, ಎಷ್ಟೋ ಬಾರಿ ಮುಖಬೆಲೆಗೂ ಇಳಿಯುತ್ತಾನೆ. ರೈಲು ಟಿಕೆಟಿನ ಅನಧಿಕೃತ ದಂಧೆಗೆ ರೈಲ್ವೆ ಕಾಯ್ದೆಯ 143ನೇ ಸೆಕ್ಷನ್ ಅಡಿ ಮೂರು ವರ್ಷದವರೆಗೆ ಜೈಲಿದೆ. ಕಾನ್ಸರ್ಟ್ ದಲ್ಲಾಳಿಗೆ ಹೆಚ್ಚು ಹೆದರಿಕೆ ಹುಟ್ಟಿಸುವುದು ಕ್ಯಾಲೆಂಡರ್.

ಅಪರಿಚಿತರಿಂದ ಕೊಳ್ಳಲೇಬೇಕಾದರೆ ಸ್ಕ್ರೀನ್‌ಶಾಟ್ ಒಪ್ಪಬೇಡಿ. ಒಂದೇ ಕ್ಯೂಆರ್ ಕೋಡನ್ನು ಹತ್ತು ಜನರಿಗೆ ಮಾರಬಹುದು, ಗೇಟಿನಲ್ಲಿ ಮೊದಲು ತೋರಿಸಿದವರಿಗಷ್ಟೇ ಪ್ರವೇಶ. ಆ್ಯಪ್‌ನಲ್ಲಿ ವರ್ಗಾವಣೆಯ ಸೌಲಭ್ಯವಿದ್ದರೆ ಅದರ ಮೂಲಕವೇ ಪಡೆಯಿರಿ. ‘ಹಣ ವಾಪಸ್ ಕಳಿಸುತ್ತೇನೆ, ಪಿನ್ ಒತ್ತಿ’ ಎಂದರೆ ಅದು ವಂಚನೆ. ಹಣ ಪಡೆಯಲು ಪಿನ್ ಬೇಕಿಲ್ಲ. ಮೋಸ ಹೋದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ಹಣ ದೂರ ಹೋಗುತ್ತದೆ.

ನಮ್ಮ ಸೂರ್ಯಾಸ್ತದವನು ಕಾರ್ಯಕ್ರಮದ ಹಿಂದಿನ ದಿನ ಎರಡೂವರೆ ಸಾವಿರಕ್ಕೆ ಇಳಿದ. ಅಷ್ಟರಲ್ಲಿ ತಂಗಿಯ ಮಗಳು, ಆಯೋಜಕರು ಕೊನೆಗಳಿಗೆಯಲ್ಲಿ ಬಿಟ್ಟ ಟಿಕೆಟನ್ನು ಆ್ಯಪ್‌ನಲ್ಲೇ ಕೊಂಡಿದ್ದಳು, ತಾರಸಿ ಹತ್ತದೆ, ಶಿವಮೊಗ್ಗದ ಬಸ್ ನಿಲ್ದಾಣದಲ್ಲಿ ನಿಂತು.